ಚಿತ್ರದಲ್ಲಿ ಕಾಣದ ಜನ

ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ, ಒಂಬತ್ತನೆಯ ತರಗತಿಯ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಚಿತ್ರವೊಂದು ತೂಗುತ್ತಿತ್ತು. ವರ್ಷ ಕಳೆದ ಮೇಲೆ ತಾರೀಖುಗಳಿದ್ದ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಚಿತ್ರ ಮಾತ್ರ ಉಳಿದಿತ್ತು. ಅಲುಗಾಡದೆ ನಿಂತಂತೆ ತೋರುವ ಅಗಲವಾದ ಹೊಳೆ. ಅದರ ಅಂಚಿಗೇ ಒಂದು ಸಾಲು ಕಲ್ಲಿನ ಮನೆಗಳು. ಆ ಮನೆಗಳ ಹೆಗಲೇರಿ ಕುಳಿತಂತೆ ಮತ್ತೊಂದು ಸಾಲು. ಎಲ್ಲಕ್ಕೂ ಹಿಂದೆ ಜೇನಿನ ಬಣ್ಣದ ಕಡಿದಾದ ಬಂಡೆ. ಕೆಳಗೆ ಊರಿನ ಹೆಸರನ್ನು ಅಚ್ಚು ಮಾಡಿದ್ದರು: ಲಾ ರೋಕ್-ಗಜಾಕ್, ಫ್ರಾನ್ಸ್. ಒಂದು ದಿನ ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಆ ಊರಿನಲ್ಲಿ ಜನ ಇಲ್ಲವೇ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಚಿತ್ರದ ಹತ್ತಿರ ಹೋಗಿ ನೋಡಿದರೆ ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಅಷ್ಟು ಮನೆಗಳ ನಡುವೆ ಒಬ್ಬ ಮನುಷ್ಯನೂ ಕಾಣಿಸಲಿಲ್ಲ.

ಆ ಪ್ರಶ್ನೆಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. “ಇದ್ದಾರಮ್ಮ, ಕುಳಿತುಕೋ” ಎಂದುಬಿಟ್ಟೆ. ನಿವೃತ್ತಿಯ ಬಿಡುವಿನಲ್ಲಿ ಆ ಊರಿನ ಬಗೆಗೂ ಅದು ನಿಂತಿರುವ ಕಣಿವೆಯ ಬಗೆಗೂ ದೊರೆತಷ್ಟನ್ನು ಓದಿದೆ. ಆ ಹೊಳೆಯನ್ನು ನಾನು ಕಣ್ಣಾರೆ ಕಂಡವನಲ್ಲ. ಪುಸ್ತಕ, ನಕಾಶೆಗಳ ಮೂಲಕ ಕಂಡವನು. ಆದರೂ ಓದುತ್ತ ಓದುತ್ತ ನನ್ನಲ್ಲಿ ಒಂದು ಅಭಿಪ್ರಾಯ ಬಲಿಯಿತು. ಅದನ್ನು ಇಲ್ಲಿ ಹೇಳಬಯಸುತ್ತೇನೆ.

ಆ ಹೊಳೆಯ ಹೆಸರು ದೋರ್ದೋನ್. ಫ್ರಾನ್ಸಿನ ನಡುಭಾಗದ ಬೆಟ್ಟಸೀಮೆಯಲ್ಲಿ 1,885 ಮೀಟರ್ ಎತ್ತರದ ಸಾಂಸಿ ಎಂಬ ಹಳೆಯ ಜ್ವಾಲಾಮುಖಿಯ ಮಗ್ಗುಲಲ್ಲಿ ಹುಟ್ಟಿ, ಪಶ್ಚಿಮಕ್ಕೆ ಹರಿದು, ಬೋರ್ದೋ ನಗರದ ಕೆಳಗೆ ಗರೋನ್ ನದಿಯನ್ನು ಕೂಡಿಕೊಳ್ಳುತ್ತದೆ. ಎರಡೂ ಸೇರಿ ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಅಟ್ಲಾಂಟಿಕ್ ಸಾಗರವನ್ನು ಮುಟ್ಟುತ್ತವೆ. ಹೊಳೆಯ ಉದ್ದ ಐನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮೇಲ್ಭಾಗದಲ್ಲಿ ಅದು ಇಕ್ಕಟ್ಟಾದ ಕಮರಿಗಳಲ್ಲಿ ಧುಮುಕುತ್ತದೆ. ನಡುಭಾಗದಲ್ಲಿ ಸುಣ್ಣಕಲ್ಲಿನ ಸೀಮೆಗೆ ಬಂದು, ದೊಡ್ಡ ದೊಡ್ಡ ಬಳುಕುಗಳನ್ನು ತೆಗೆದುಕೊಂಡು ಸಾವಧಾನವಾಗಿ ಹರಿಯುತ್ತದೆ. ಬಳುಕಿನ ಒಳಮಗ್ಗುಲಲ್ಲಿ ಮೆಕ್ಕಲುಮಣ್ಣಿನ ಹೊಲ, ಅಕ್ರೋಟಿನ ತೋಪು. ಹೊರಮಗ್ಗುಲಲ್ಲಿ ನೀರು ಕೊರೆದು ನಿಲ್ಲಿಸಿದ ಬಂಡೆಗೋಡೆ. ಊರುಗಳು ಕಟ್ಟಿದ್ದು ಹೆಚ್ಚಾಗಿ ಈ ಬಂಡೆಗಳ ಬುಡದಲ್ಲಿ ಇಲ್ಲವೇ ನೆತ್ತಿಯಲ್ಲಿ. ಫಲವತ್ತಾದ ಬಯಲನ್ನು ಮನೆ ಕಟ್ಟಿ ಹಾಳುಮಾಡುವಷ್ಟು ಶ್ರೀಮಂತರು ಅಲ್ಲಿ ಯಾರೂ ಇರಲಿಲ್ಲ.

ಈ ಊರುಗಳನ್ನು ನೋಡಿದ ಪ್ರವಾಸಿಗಳು “ಎಷ್ಟು ಸುಂದರವಾಗಿ ಕಟ್ಟಿದ್ದಾರೆ!” ಎಂದು ಹೊಗಳುವುದುಂಟು. ಸುಂದರವಾಗಿರಲೆಂದು ಅವುಗಳನ್ನು ಯಾರೂ ಕಟ್ಟಲಿಲ್ಲ. ಬೇನಾಕ್‌ನ ಕೋಟೆ ಹೊಳೆಯಿಂದ ನೂರೈವತ್ತು ಮೀಟರ್ ಮೇಲೆ ಬಂಡೆಯ ತುದಿಯಲ್ಲಿ ನಿಂತಿರುವುದು ಶತ್ರುವಿನ ಭಯದಿಂದ. ಎದುರುದಡದ ಕಾಸ್ತೆಲ್ನೋ ಕೋಟೆಯೂ ಹಾಗೆಯೇ. 1337ರಿಂದ 1453ರವರೆಗೆ ಎಳೆದ ನೂರು ವರ್ಷಗಳ ಯುದ್ಧದ ಕಾಲದಲ್ಲಿ ಒಂದು ಕೋಟೆ ಫ್ರೆಂಚ್ ಅರಸನ ಪಕ್ಷ, ಇನ್ನೊಂದು ಬಹುಕಾಲ ಇಂಗ್ಲಿಷರ ಪಕ್ಷ. ನಡುವೆ ಒಂದೇ ಹೊಳೆ. ದನ ಮೇಯಿಸುವ ಹುಡುಗ ದಡ ತಪ್ಪಿದರೆ ಶತ್ರುದೇಶಕ್ಕೆ ಹೋದಂತೆ! ಹತ್ತಿರದ ದೋಮ್ ಎಂಬ ಊರನ್ನು 1281ರಲ್ಲಿ ಫ್ರಾನ್ಸಿನ ಮೂರನೆಯ ಫಿಲಿಪ್ ಅರಸನು ಗುಡ್ಡದ ನೆತ್ತಿಯಲ್ಲಿ ಕಟ್ಟಿಸಿದುದು ಕಣಿವೆಯನ್ನು ಕಾಯುವುದಕ್ಕಾಗಿ. ಕೊನೆಗೆ ಆ ದೀರ್ಘಯುದ್ಧ ಮುಗಿದದ್ದೂ ಇದೇ ಹೊಳೆಯ ದಡದಲ್ಲಿ. 1453ರ ಜುಲೈ 17ರಂದು ಕಾಸ್ತಿಯೋಂ ಎಂಬಲ್ಲಿ ಫ್ರೆಂಚರ ಫಿರಂಗಿಗಳ ಮುಂದೆ ಇಂಗ್ಲಿಷ್ ಸೇನೆ ಚದುರಿತು. ಅದರ ಮುದಿ ಸೇನಾಪತಿ ಜಾನ್ ಟಾಲ್ಬಟ್ ಅಲ್ಲಿಯೇ ಮಡಿದನು.

ಭಯವು ಕಟ್ಟಿದ ಊರುಗಳಿಗೆ ಜೀವ ಕೊಟ್ಟದ್ದು ದುಡಿಮೆ. ಅದರಲ್ಲಿಯೂ ದೋಣಿಯ ದುಡಿಮೆ ನನ್ನ ಮನಸ್ಸನ್ನು ಬಹಳ ಹಿಡಿಯಿತು. ಹೊಳೆಯ ಕೆಳಭಾಗದಲ್ಲಿ ಬೆರ್ಜೆರಾಕ್, ಲಿಬೂರ್ನ್, ಬೋರ್ದೋಗಳ ಸುತ್ತ ದ್ರಾಕ್ಷಾರಸದ ಸೀಮೆ. ಅಲ್ಲಿಯವರಿಗೆ ಪೀಪಾಯಿ ಮಾಡಲು ಓಕ್ ಮರ ಬೇಕು, ದ್ರಾಕ್ಷಿಬಳ್ಳಿಗೆ ಆಸರೆಯಾಗಿ ನೆಡಲು ಚೆಸ್ಟ್‌ನಟ್ ಮರದ ಗೂಟ ಬೇಕು. ಮರವಿರುವುದು ಮೇಲಿನ ಬೆಟ್ಟಗಳಲ್ಲಿ. ನಡುವೆ ಗಾಡಿ ಹೋಗುವಂಥ ಒಳ್ಳೆಯ ದಾರಿಯಿಲ್ಲ, ಇರುವುದು ಹೊಳೆಯೊಂದೇ. ಆ ಹೊಳೆಯಾದರೂ ಎಲ್ಲ ಕಾಲದಲ್ಲಿಯೂ ದೋಣಿಯನ್ನು ಹೊರುವಂಥದಲ್ಲ. ಬೇಸಗೆಯಲ್ಲಿ ಕಲ್ಲು ಎದ್ದು ಕಾಣುತ್ತದೆ. ಪ್ರವಾಹ ಬಂದರೆ ದೋಣಿ ಚೂರಾಗುತ್ತದೆ. ವರ್ಷದಲ್ಲಿ ಕೆಲವೇ ವಾರಗಳು, ನೀರು ಹದವಾಗಿರುವಾಗ ಮಾತ್ರ, ಅರ್ಜಾಂತಾ ಮುಂತಾದ ಮೇಲಿನ ರೇವುಗಳಿಂದ ಗಬಾರ್ ಎಂಬ ಚಪ್ಪಟೆ ತಳದ ದೋಣಿಗಳು ಮರ ಹೇರಿಕೊಂಡು ಹೊರಡುತ್ತಿದ್ದವು. ಮೇಲಿನ ಕಮರಿಗಳಿಂದ ಇಳಿಯುತ್ತಿದ್ದ ದೋಣಿಗಳು ಒಂದೇ ಪಯಣಕ್ಕೆಂದು ಕಟ್ಟಿದ ಒರಟು ದೋಣಿಗಳು. ಆ ಸೆಳವಿನ ಎದುರಿಗೆ ಅವನ್ನು ಮತ್ತೆ ಮೇಲಕ್ಕೆ ಎಳೆದು ತರುವುದು ಸಾಧ್ಯವಿರಲಿಲ್ಲ. ಆದುದರಿಂದ ಸರಕನ್ನು ಮಾರಿದ ಮೇಲೆ ದೋಣಿಯನ್ನೂ ಒಡೆದು ಸೌದೆಯಾಗಿ ಮಾರಿ, ಅಂಬಿಗರು ನಡೆದುಕೊಂಡು ಊರಿಗೆ ಮರಳುತ್ತಿದ್ದರು. ತಾನು ಕಟ್ಟಿದ ದೋಣಿಯನ್ನು ತಾನೇ ಒಡೆದು ಮಾರಿ, ಬರಿಗೈಯಲ್ಲಿ ಬೆಟ್ಟ ಹತ್ತುವ ಆ ಅಂಬಿಗನ ಚಿತ್ರ ಯಾವ ಕ್ಯಾಲೆಂಡರಿನಲ್ಲಿಯೂ ಬರುವುದಿಲ್ಲ. ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮ ಗೋಡೆಯ ಚಿತ್ರದಲ್ಲಿದ್ದ ಲಾ ರೋಕ್-ಗಜಾಕ್ ಇಂಥ ಅಂಬಿಗರ, ಬೆಸ್ತರ, ವ್ಯಾಪಾರಿಗಳ ರೇವು. ಬಂಡೆಯು ದಕ್ಷಿಣಕ್ಕೆ ಮುಖಮಾಡಿ ಉತ್ತರದ ಗಾಳಿಯನ್ನು ತಡೆಯುವುದರಿಂದ ಆ ಬುಡದಲ್ಲಿ ಅಕ್ಕಪಕ್ಕಕ್ಕಿಂತ ಹೆಚ್ಚು ಬೆಚ್ಚಗಿರುತ್ತದೆ. ಅಲ್ಲಿ ಬಾಳೆಯ ಗಿಡವೂ ಬೆಳೆಯುತ್ತದೆಂದರೆ ನೀವು ನಂಬಲಾರಿರಿ. ಆದರೆ ಕಾಯುವ ಬಂಡೆಯೇ ಕೊಲ್ಲುವುದೂ ಉಂಟು. 1957ರ ಜನವರಿಯಲ್ಲಿ ಆ ಬಂಡೆಯ ಒಂದು ದೊಡ್ಡ ಭಾಗ ಕಳಚಿ ಮನೆಗಳ ಮೇಲೆ ಉರುಳಿತು, ಮೂವರು ಸತ್ತರು. ಉಳಿದವರು ಊರು ಬಿಡಲಿಲ್ಲ. ಬಿದ್ದ ಮನೆಗಳ ಜಾಗವನ್ನು ತೆರವು ಮಾಡಿಕೊಂಡು ಅಲ್ಲಿಯೇ ಬದುಕು ಮುಂದುವರಿಸಿದರು.

ಇನ್ನು, ಈ ಊರುಗಳು ಹೀಗೆ ಹಳೆಯ ರೂಪದಲ್ಲಿಯೇ ಉಳಿದುದು ಹೇಗೆ? ಪೂರ್ವಿಕರಲ್ಲಿ ಅವರಿಗಿದ್ದ ಭಕ್ತಿಯಿಂದ ಎಂದು ಹೇಳಿದರೆ ಕೇಳಲು ಹಿತವಾಗಿರುತ್ತದೆ. ಆದರೆ ನಿಜವಾದ ಕಾರಣ ಬಡತನ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಸಣ್ಣ ಕೀಟ ದ್ರಾಕ್ಷಿಯ ಬೇರುಗಳನ್ನು ತಿಂದು ತೋಟಗಳನ್ನು ಬರಿದು ಮಾಡಿತು. ಅದೇ ಕಾಲದಲ್ಲಿ ರೈಲು ಬಂದು ದೋಣಿಯ ವ್ಯಾಪಾರವನ್ನು ಮುಳುಗಿಸಿತು. ದುಡಿಯುವ ಕೈಗಳು ನಗರಗಳಿಗೆ ಹೊರಟುಹೋದವು. 1914ರಿಂದ 1918ರವರೆಗಿನ ಮಹಾಯುದ್ಧ ಮಿಕ್ಕ ಯುವಕರಲ್ಲಿ ಎಷ್ಟೋ ಮಂದಿಯನ್ನು ನುಂಗಿತು. ಫ್ರಾನ್ಸಿನ ಬಹುತೇಕ ಎಲ್ಲ ಹಳ್ಳಿಗಳಲ್ಲಿಯೂ ಅವರ ಹೆಸರು ಕೆತ್ತಿದ ಕಲ್ಲು ಇದೆ. ಊರು ಚಿಕ್ಕದಾದರೂ ಪಟ್ಟಿ ಉದ್ದವಾಗಿರುತ್ತದೆ. ಹಣವಿರುವ ಊರಿನಲ್ಲಿ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುತ್ತಾರೆ. ಇಲ್ಲಿ ಕೆಡವುವುದಕ್ಕೂ ಕಾಸಿರಲಿಲ್ಲ. ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಹೊದಿಸಿದ ಆ ಕಡಿದಾದ ಮಾಡುಗಳು, ಒಂದೊಂದು ಚದರ ಮೀಟರಿಗೂ ನೂರಾರು ಕಿಲೋ ಭಾರವನ್ನು ಗೋಡೆಗೆ ಇಳಿಸುತ್ತ, ರಿಪೇರಿ ಇಲ್ಲದೆ ಹಾಗೆಯೇ ಕುಳಿತಿದ್ದವು. ಇಂದು ನಾವು ಮೆಚ್ಚುವ ಅಂದ ಅಂದಿನವರ ದಾರಿದ್ರ್ಯದಿಂದ ಉಳಿದದ್ದು. ಈ ಮಾತನ್ನು ಮರೆತು ಅದನ್ನು ಮೆಚ್ಚುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ಉಳಿಯದೆ ಹೋದ ಊರುಗಳೂ ಇವೆ. ಎರಡನೆಯ ಮಹಾಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ ಫ್ರಾನ್ಸಿಗೆ ವಿದ್ಯುತ್ತು ಬೇಕಾಗಿತ್ತು. ದೋರ್ದೋನಿನ ಮೇಲಿನ ಕಮರಿಗಳಿಗೆ ಒಂದಾದ ಮೇಲೊಂದರಂತೆ ಅಣೆಕಟ್ಟುಗಳು ಬಂದವು. ಅವುಗಳಲ್ಲಿ ಬೋರ್ ಎಂಬಲ್ಲಿನದು ಸುಮಾರು 120 ಮೀಟರ್ ಎತ್ತರದ್ದು. 1952ರಲ್ಲಿ ಕೆಲಸ ಆರಂಭಿಸಿತು. ಅದರ ಹಿನ್ನೀರಿನಲ್ಲಿ ಹೊಲಮನೆಗಳು, ಹಳ್ಳಿಗಳು, ಕೊನೆಗೆ ರೈಲುದಾರಿಯ ಒಂದು ಭಾಗವೂ ಮುಳುಗಿತು. ಮುಳುಗಿದ ಊರುಗಳಲ್ಲಿ ಪೋರ್-ದಿಯೂ ಒಂದು. ಫ್ರೆಂಚ್ ಕಿವಿಗೆ ಆ ಹೆಸರಿನಲ್ಲಿ ರೇವು, ದೇವರು ಎರಡೂ ಕೇಳಿಸುತ್ತವೆ. ಆ ಊರು ಸುಂದರವಾಗಿತ್ತೇ ಇಲ್ಲವೇ ಎಂದು ಯಾರೂ ಮತಕ್ಕೆ ಹಾಕಲಿಲ್ಲ. ಅಣೆಕಟ್ಟು ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ; ದೀಪ ಎಲ್ಲರಿಗೂ ಬೇಕು. ಆದರೆ ಆ ದೀಪದ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ತಿಳಿದಿರಬೇಕು.

ಹತ್ತು ವರ್ಷಗಳಲ್ಲಿ ಗಾಳಿ ತಿರುಗಿತು. 1962ರಲ್ಲಿ, ಸಾಹಿತಿಯೂ ಅಂದಿನ ಸಂಸ್ಕೃತಿ ಸಚಿವರೂ ಆಗಿದ್ದ ಆಂದ್ರೆ ಮಾಲ್ರೋ ಅವರ ಕಾಲದಲ್ಲಿ, ಹಳೆಯ ಪಟ್ಟಣಗಳ ಕೇರಿಗಳನ್ನೇ ಇಡಿಯಾಗಿ ರಕ್ಷಿಸುವ ಕಾನೂನು ಬಂದಿತು. ಅದುವರೆಗೆ ಒಂದು ಚರ್ಚನ್ನೋ ಒಂದು ಅರಮನೆಯನ್ನೋ ಆರಿಸಿ ಕಾಪಾಡುತ್ತಿದ್ದರು. ಸುತ್ತಲಿನ ಬಡವರ ಮನೆಗಳಿಗೆ ಬೆಲೆಯಿರಲಿಲ್ಲ. ಹೊಸ ಕಾನೂನಿನಂತೆ ಮೊಟ್ಟಮೊದಲು ದುರಸ್ತಿಗೆ ಆರಿಸಿಕೊಂಡ ಊರುಗಳಲ್ಲಿ ಈ ಕಣಿವೆಯ ಸಾರ್ಲಾ ಕೂಡ ಒಂದು. 1982ರಲ್ಲಿ, ಕಣಿವೆಯಿಂದ ತುಸು ಉತ್ತರಕ್ಕಿರುವ ಕೊಲೋಂಜ್ ಎಂಬ ಕೆಂಪುಕಲ್ಲಿನ ಊರಿನ ಮೇಯರ್ ಶಾರ್ಲ್ ಸೆರಾಕ್ ಅವರು ‘ಫ್ರಾನ್ಸಿನ ಅತಿ ಸುಂದರ ಗ್ರಾಮಗಳು’ ಎಂಬ ಸಂಘವನ್ನು ಕಟ್ಟಿದರು. 2,000ಕ್ಕಿಂತ ಕಡಿಮೆ ಜನಸಂಖ್ಯೆ, ಕಾನೂನಿನ ರಕ್ಷಣೆ ಪಡೆದ ಎರಡಾದರೂ ಸ್ಥಳ, ಇವಿದ್ದರೆ ಮಾತ್ರ ಸದಸ್ಯತ್ವ. ಬೇನಾಕ್, ಕಾಸ್ತೆಲ್ನೋ, ದೋಮ್, ಲಾ ರೋಕ್-ಗಜಾಕ್ ಇವೆಲ್ಲವೂ ಆ ಪಟ್ಟಿಗೆ ಸೇರಿದವು. ಪಾಳುಬೀಳುತ್ತಿದ್ದ ಊರುಗಳಿಗೆ ಹೋಟೆಲು, ಅಂಗಡಿ, ವಿಹಾರದೋಣಿಗಳು ಬಂದವು. ಗಬಾರ್ ಮತ್ತೆ ನೀರಿಗಿಳಿಯಿತು, ಆದರೆ ಈ ಸಲ ಮರದ ಬದಲು ಪ್ರವಾಸಿಗಳನ್ನು ಹೇರಿಕೊಂಡು. ಇಂಗ್ಲಿಷರು ಕೂಡ ಮರಳಿ ಬಂದು ಕಣಿವೆಯಲ್ಲಿ ಮನೆಗಳನ್ನು ಕೊಂಡುಕೊಂಡರು. 1453ರಲ್ಲಿ ಕತ್ತಿಯಿಂದ ಕಳೆದುಕೊಂಡುದನ್ನು ಹಣದ ಚೀಲದಿಂದ ಪಡೆದರು ಎಂದು ನಗೆಯಾಡಬಹುದು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ತೋರುತ್ತದೆ. ಆದರೆ ನನ್ನ ಅಭಿಪ್ರಾಯಕ್ಕೆ ಕಾರಣವಾದ ಸಂಗತಿಗಳು ಇಲ್ಲಿಂದಲೇ ಆರಂಭ.

ದೋರ್ದೋನ್ ನದಿಗೆ ಕೂಡುವ ವೆಝೇರ್ ಎಂಬ ಉಪನದಿಯ ಕಣಿವೆಯಲ್ಲಿ, 1940ರ ಸೆಪ್ಟೆಂಬರ್ 12ರಂದು, ನಾಲ್ವರು ಹುಡುಗರು ಒಂದು ಬಿಲದೊಳಗೆ ಇಳಿದು ಲಾಸ್ಕೋ ಗುಹೆಯ ಚಿತ್ರಗಳನ್ನು ಕಂಡರು. ಅವರಲ್ಲಿ ಕೆಲವರು ಹೆಚ್ಚುಕಡಿಮೆ ನಿಮ್ಮ ವಯಸ್ಸಿನವರು. ಗೂಳಿಗಳು, ಕುದುರೆಗಳು, ಜಿಂಕೆಗಳು. ಸುಮಾರು 17,000 ವರ್ಷಗಳಿಗೂ ಹಿಂದಿನ ಕೈಗಳು ಬರೆದವು. 1948ರಲ್ಲಿ ಗುಹೆಯನ್ನು ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಮೀರಿ ಜನ ಬರತೊಡಗಿದರು. ಅವರು ಚಿತ್ರಗಳನ್ನು ಮುಟ್ಟಬೇಕಾಗಿರಲಿಲ್ಲ, ಗೀಚಬೇಕಾಗಿರಲಿಲ್ಲ, ಉಸಿರಾಡಿದ್ದೇ ಸಾಕಾಯಿತು. ಉಸಿರಿನ ತೇವ, ಮೈಯ ಕಾವು, ವಿದ್ಯುದ್ದೀಪದ ಬೆಳಕು ಸೇರಿ ಗೋಡೆಗಳ ಮೇಲೆ ಹಸಿರು ಪಾಚಿ ಹಬ್ಬಿತು, ಬಿಳಿಯ ಸುಣ್ಣದ ಪೊರೆ ಕಟ್ಟಿತು. 1963ರಲ್ಲಿ ಮಾಲ್ರೋ ಅವರು ಗುಹೆಯನ್ನು ಮುಚ್ಚಿಸಿದರು. ಈಗ ಜನ ನೋಡುವುದು ಪ್ರತಿಕೃತಿಯನ್ನು: ಮೊದಲನೆಯದು 1983ರಲ್ಲಿ ಮೂಲಗುಹೆಯ ಹತ್ತಿರದಲ್ಲಿಯೇ ಆಯಿತು, ಇಡೀ ಗುಹೆಯನ್ನು ಹೋಲುವ ಇನ್ನೊಂದು 2016ರಲ್ಲಿ ಗುಡ್ಡದ ಬುಡದಲ್ಲಿ ತೆರೆಯಿತು. ನಕಲನ್ನು ನೋಡಲು ಅಷ್ಟು ದೂರ ಹೋಗಬೇಕೇ ಎಂದು ಮೂಗುಮುರಿಯುವವರಿದ್ದಾರೆ. ನಾನು ಅವರ ಪಕ್ಷದವನಲ್ಲ. ಬರುವವರ ಕಣ್ಣಿಗೆ ಮಿತಿ ಹಾಕಿ ಚಿತ್ರಗಳಿಗೆ ಆಯುಸ್ಸು ಕೊಟ್ಟ ಆ ನಿರ್ಧಾರ, ಈ ಕಣಿವೆಯಲ್ಲಿ ಮನುಷ್ಯರು ಮಾಡಿದ ಬುದ್ಧಿವಂತ ಕೆಲಸಗಳಲ್ಲಿ ಒಂದು.

ಗುಹೆಗೆ ಬಾಗಿಲು ಹಾಕಬಹುದು, ಊರಿಗೆ ಹಾಕುವುದು ಹೇಗೆ? ಬೇನಾಕ್‌ನಲ್ಲಿ ಈ ತೊಡಕು ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿ ಹೆದ್ದಾರಿಯು ಬಂಡೆ ಮತ್ತು ಹೊಳೆಗಳ ನಡುವೆ, ಊರಿನ ಮನೆಗಳನ್ನು ಸವರಿಕೊಂಡೇ ಹೋಗುತ್ತದೆ. ಬೇಸಗೆಯಲ್ಲಿ ಪ್ರವಾಸಿಗಳ ಕಾರುಗಳೂ ಲಾರಿಗಳೂ ಎದುರುಬದುರಾಗಿ ನಿಂತುಬಿಡುತ್ತವೆ. ಮನೆಯ ಬಾಗಿಲು ತೆರೆದು ಕಾಲಿಟ್ಟರೆ ರಸ್ತೆ. ಇದಕ್ಕೆ ಪರಿಹಾರವಾಗಿ ಊರನ್ನು ಬಳಸಿ ಹೋಗುವ ಮೂರು ಕಿಲೋಮೀಟರಿಗೆ ಮಿಕ್ಕ ಹೊಸ ದಾರಿಯೊಂದನ್ನು, ದೋರ್ದೋನಿಗೆ ಎರಡು ಸೇತುವೆ ಹಾಕಿ, ಜಿಲ್ಲಾಡಳಿತವು 2018ರಲ್ಲಿ ಕಟ್ಟಲಾರಂಭಿಸಿತು. ನದಿಯಲ್ಲಿ ಕಂಬಗಳು ಎದ್ದವು. ಕೋಟೆಗಳ ನಡುವಿನ ಆ ನೋಟ ಕೆಡುತ್ತದೆ, ಹೊಳೆಯ ಜೀವಿಗಳಿಗೆ ಧಕ್ಕೆಯಾಗುತ್ತದೆ ಎಂದು ವಿರೋಧಿಗಳು ದಾವೆ ಹೂಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ದೇಶದ ಉನ್ನತ ಆಡಳಿತ ನ್ಯಾಯಾಲಯ ಕೆಲಸವನ್ನು ತಡೆಯಿತು. 2019ರಲ್ಲಿ ಬೋರ್ದೋ ನ್ಯಾಯಾಲಯವು, ಸಂರಕ್ಷಿತ ಜೀವಿಗಳಿಗೆ ಹಾನಿ ಮಾಡುವುದನ್ನು ಸಮರ್ಥಿಸುವಷ್ಟು ಅನಿವಾರ್ಯವಾದ ಸಾರ್ವಜನಿಕ ಅಗತ್ಯ ಇಲ್ಲಿಲ್ಲವೆಂದು ಅನುಮತಿಯನ್ನು ರದ್ದುಪಡಿಸಿ, ಕಟ್ಟಿದುದನ್ನು ಕೆಡವಿ ನೆಲವನ್ನು ಮೊದಲಿನಂತೆ ಮಾಡಬೇಕೆಂದು ಆದೇಶಿಸಿತು. 2020ರಲ್ಲಿ ಉನ್ನತ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿತು. ಆದರೂ ಕೆಡವುವ ಕೆಲಸ ವರ್ಷಗಟ್ಟಲೆ ವಿವಾದದಲ್ಲಿಯೇ ತೂಗಾಡಿತು.

ನನ್ನ ಮತ ಸೇತುವೆಯ ವಿರುದ್ಧವಾಗಿದೆ. ಆದರೆ ನನ್ನ ಮತವನ್ನು ನಾನೇ ಸ್ವಲ್ಪ ಸಂಶಯದಿಂದ ನೋಡುತ್ತೇನೆ. ಏಕೆಂದರೆ ಆ ರಸ್ತೆಯ ಬದಿಯಲ್ಲಿ ನನ್ನ ಮನೆಯಿಲ್ಲ. ರಾತ್ರಿ ಲಾರಿಯ ಸದ್ದಿಗೆ ಎಚ್ಚರಗೊಳ್ಳುವ ಮುದುಕಿಗೆ, ಶಾಲೆಗೆ ಹೋಗುವ ಮಗುವಿನ ಕೈಹಿಡಿದು ಗೋಡೆಗೆ ಒತ್ತಿಕೊಂಡು ನಡೆಯುವ ತಾಯಿಗೆ, ದೂರದ ಊರಿನಲ್ಲಿ ಕುಳಿತು “ನೋಟ ಕೆಡುತ್ತದೆ, ನೀವು ಸಹಿಸಿಕೊಳ್ಳಿ” ಎಂದು ಹೇಳುವುದು ಸುಲಭ. ಹೇಳುವವರಿಗೆ ಆ ಊರು ಒಂದು ಚಿತ್ರ. ಅವರಿಗೆ ಅದು ಮನೆ. ಸೇತುವೆ ಬೇಡವೆಂದು ಗೆದ್ದವರಿಗೆ ಆ ತಾಯಿಯ ಸಾಲ ಇನ್ನೂ ತೀರಿಲ್ಲ.

ಹಾಗಾದರೆ ಏನು ಮಾಡಬೇಕು? ಲಾಸ್ಕೋದಲ್ಲಿ ಮಾಡಿದುದನ್ನೇ ಇಲ್ಲಿಯೂ ಮಾಡಬಹುದೆಂಬುದು ನನ್ನ ವಾದ. ಕಟ್ಟುಪಾಡನ್ನು ಹೊಳೆಯ ಮೇಲೆ ಹೇರಬಾರದು, ಊರಿನವರ ಮೇಲೆಯೂ ಹೇರಬಾರದು. ನೋಡಲು ಬರುವವರ ಮೇಲೆ ಹೇರಬೇಕು. ಆ ನೂಕುನುಗ್ಗಲು ವರ್ಷವಿಡೀ ಇರುವುದಲ್ಲ, ಮುಖ್ಯವಾಗಿ ಬೇಸಗೆಯ ರಜೆಯ ವಾರಗಳದ್ದು. ಪ್ರವಾಸಿಗಳ ಕಾರುಗಳನ್ನು ಊರಿನಿಂದ ದೂರದಲ್ಲಿ ನಿಲ್ಲಿಸಲಿ. ಅಲ್ಲಿಂದ ಬಸ್ಸಿನಲ್ಲಿಯೋ ನಡೆದುಕೊಂಡೋ ಬರಲಿ. ಅಂಬಿಗರು ಬೆಟ್ಟಕ್ಕೆ ನಡೆದು ಹೋಗುತ್ತಿದ್ದ ದೇಶದಲ್ಲಿ, ಅವರ ಮನೆಗಳನ್ನು ನೋಡಲು ಬಂದವರು ಎರಡು ಕಿಲೋಮೀಟರ್ ನಡೆದರೆ ಕಾಲು ಸವೆದು ಹೋಗುವುದಿಲ್ಲ. ಇದರಿಂದ ಹೋಟೆಲಿನವರಿಗೆ ನಷ್ಟವಾಗುತ್ತದೆ ಎಂಬ ಆಕ್ಷೇಪಣೆ ಬರುತ್ತದೆ. ಬರಲಿ. ನಷ್ಟವಾಗುವುದೂ ನಿಜವಿರಬಹುದು. ಆದರೆ ಮನೆಗಳೆಲ್ಲ ಪರವೂರಿನವರ ರಜೆಯ ಮನೆಗಳಾಗಿ, ಚಳಿಗಾಲದಲ್ಲಿ ಬೀದಿಯುದ್ದಕ್ಕೂ ಕಿಟಕಿಗಳು ಮುಚ್ಚಿಕೊಂಡು, ರೊಟ್ಟಿಯಂಗಡಿಗೂ ಶಾಲೆಗೂ ಜನವಿಲ್ಲದಂತಾದರೆ ಆಗುವ ನಷ್ಟದ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಲಾ ರೋಕ್-ಗಜಾಕ್‌ನ ಜನಸಂಖ್ಯೆ ಈಗ ನಾನೂರರ ಆಸುಪಾಸಿನಲ್ಲಿದೆ. ಬೇಸಗೆಯ ಒಂದು ದಿನ ಅಲ್ಲಿಯ ರೇವಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಮಂದಿ ಇಳಿಯುತ್ತಾರೆ. ಊರು ಯಾರದು ಎಂದು ಆ ನಾನೂರು ಜನಕ್ಕೆ ಅನುಮಾನ ಬಂದರೆ ತಪ್ಪೇನು?

ಕೆಲಸ ಬಿಡುವ ದಿನ ನಾನು ಆ ಕ್ಯಾಲೆಂಡರ್ ಚಿತ್ರವನ್ನು ಶಾಲೆಯವರಿಂದ ಕೇಳಿ ಪಡೆದುಕೊಂಡೆ. ಯಾರೂ ಬೇಡವೆನ್ನಲಿಲ್ಲ; ಅದಾಗಲೇ ಮಾಸಿಹೋಗಿತ್ತು. ಈಚೆಗೆ ಒಮ್ಮೆ ಭೂತಗನ್ನಡಿ ಹಿಡಿದು ಅದನ್ನು ಅಂಗುಲ ಅಂಗುಲವಾಗಿ ನೋಡಿದೆ. ಜನ ಕಾಣಲಿಲ್ಲ. ಆದರೆ ಮೇಲಿನ ಸಾಲಿನಲ್ಲಿ, ಬಂಡೆಗೆ ತಾಗಿದಂತಿರುವ ಒಂದು ಚಿಕ್ಕ ಮನೆಯ ಕಿಟಕಿಯ ಕೆಳಗೆ, ಹಗ್ಗದ ಮೇಲೆ ಬಟ್ಟೆ ಒಣಗಲು ಹಾಕಿದ್ದರು: ಎರಡು ಬಿಳಿಯ ದುಪ್ಪಟಿ, ಒಂದು ನೀಲಿ ಅಂಗಿ. ಅಂಗಿ ಮಗುವಿನದು.